ಮಾವಿನ ಸಸಿ ನೆಡಬೇಕೋ ಬೇಡವೋ?

ಪ್ರೀತಿಯ ಸಹೋದರಿಗೆ, ಕರ್ತನ ನಾಮದಲ್ಲಿ ವಂದನೆಗಳು.

ನಿಮ್ಮ ಕಾಗದ ಕೈಸೇರಿ ಹತ್ತು ದಿನವಾಯಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಶ್ರೀನಿವಾಸಪುರ ತಾಲೂಕಿನವರು ಅಂತ ಮಾತ್ರ ಹೇಳುತ್ತೇನೆ. ನಿಮ್ಮ ಪ್ರಶ್ನೆ ಶುರುವಾಗುವುದೇ ಮಾವಿನ ತೋಟದಲ್ಲಿ, ಅದಕ್ಕೆ.

ಉಳಿದ ಓದುಗರಿಗೆ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಈ ತಂಗಿಯ ಮನೆಯವರಿಗೆ ಎರಡೂವರೆ ಎಕರೆ ಜಮೀನಿದೆ. ಹಳೆಯ ಮರ ತೆಗೆಸಿ, ಹೊಸ ಕಸಿ ಸಸಿ ನೆಡಲು ಗುಂಡಿ ತೋಡಿಸಿದ್ದಾರೆ. ಅಷ್ಟರಲ್ಲಿ ಯಜಮಾನರ ಮನಸ್ಸು ಬದಲಾಗಿದೆ. ಯುದ್ಧದ ಸುದ್ದಿ, ಯೂಟ್ಯೂಬಿನಲ್ಲಿ ಒಬ್ಬ ಬೋಧಕರ ಸಂದೇಶಗಳು, ರಾತ್ರಿ ಒಂದು ಗಂಟೆಯವರೆಗೆ ಅದೇ. ‘ಸಸಿ ಫಸಲಿಗೆ ಬರಲು ನಾಲ್ಕೈದು ವರ್ಷ ಬೇಕು, ಅಷ್ಟರೊಳಗೆ ಕರ್ತನಾದ ಯೇಸು ತಿರುಗಿ ಬಂದುಬಿಡುತ್ತಾನೆ, ಜಮೀನು ಮಾರಿ ಆ ಬೋಧಕರ ಸೇವೆಗೆ ಕೊಟ್ಟುಬಿಡೋಣ’ ಅನ್ನುತ್ತಿದ್ದಾರೆ. ಜಿ.ಎನ್.ಎಂ. ನರ್ಸಿಂಗ್ ಓದುತ್ತಿರುವ ಮಗಳ ಈ ವರ್ಷದ ಫೀಸು ಕಟ್ಟಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಎಂಟು ವರ್ಷದ ಮಗ ನಡುರಾತ್ರಿ ಎದ್ದು ಅಮ್ಮ ಪಕ್ಕದಲ್ಲಿದ್ದಾಳಾ ಅಂತ ಕೈಯಾಡಿಸಿ ನೋಡುತ್ತಾನೆ. ತನ್ನನ್ನು ಬಿಟ್ಟು ಎಲ್ಲರೂ ಪರಲೋಕಕ್ಕೆ ಎತ್ತಲ್ಪಟ್ಟರೇನೋ ಅಂತ ಅವನಿಗೆ ಭಯ. ತಾಯಿ ಕೇಳಿರುವುದು ಇಷ್ಟು: ‘ಕರ್ತನ ಬರೋಣ (ಆತ ತಿರುಗಿ ಬರುವುದು) ನಿಜಕ್ಕೂ ಹತ್ತಿರವಾ? ಸಸಿ ನೆಡೋಣ ಅಂದರೆ ನಾನು ನಂಬಿಕೆಯಿಲ್ಲದವಳಾ?’

ಅಲ್ಲ ತಂಗಿ. ನೀವು ನಂಬಿಕೆಯಿಲ್ಲದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಮಾತು ನಿಮ್ಮನ್ನು ಎಷ್ಟು ಚುಚ್ಚಿದೆ ಅನ್ನುವುದು ಕಾಗದದಲ್ಲಿ ಕಾಣುತ್ತದೆ.

ಕರ್ತನು ಬರುತ್ತಾನೆ. ಇದರಲ್ಲಿ ನನಗೆ ಅನುಮಾನವಿಲ್ಲ. ಸಿ.ಎಸ್.ಐ., ಮೆಥಡಿಸ್ಟ್, ಕಥೋಲಿಕ, ಪೆಂತೆಕೊಸ್ತ, ಬ್ರದರನ್ ಯಾರನ್ನೇ ಕೇಳಿ, ಸತ್ತವರಿಗೂ ಬದುಕಿರುವವರಿಗೂ ನ್ಯಾಯ ತೀರಿಸಲು ಆತ ತಿರುಗಿ ಬರುತ್ತಾನೆ ಅನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಹೇಗೆ, ಯಾವ ಕ್ರಮದಲ್ಲಿ ಅನ್ನುವಲ್ಲಿ ಮಾತ್ರ ಬೇರೆ ಬೇರೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 20ನೇ ಅಧ್ಯಾಯದಲ್ಲಿರುವ ಸಾವಿರ ವರುಷದ ಆಳಿಕೆಗೆ ಮುಂಚೆ ಬರುತ್ತಾನೆ ಅನ್ನುವವರಿದ್ದಾರೆ, ಆಮೇಲೆ ಅನ್ನುವವರಿದ್ದಾರೆ, ಆ ಸಾವಿರವೇ ಒಂದು ಗುರುತಿನ ಮಾತು ಅನ್ನುವವರೂ ಇದ್ದಾರೆ. ಕಡೆಯ ಕಾಲದ ಮಹಾಸಂಕಟಕ್ಕೆ ಮುಂಚೆ ಸಭೆ (ನಂಬಿದ ಜನ) ಗುಟ್ಟಾಗಿ ಎತ್ತಲ್ಪಡುತ್ತದೆ ಅನ್ನುವ ಬೋಧನೆ, ಅಂದರೆ ನಿಮ್ಮ ಯಜಮಾನರು ಕೇಳುತ್ತಿರುವುದು, ಜೋರಾಗಿ ಹರಡಿದ್ದು 1830ರ ನಂತರ, ಬ್ರದರನ್ ಪಂಗಡದ ಬೋಧಕ ಜಾನ್ ನೆಲ್ಸನ್ ಡಾರ್ಬಿ ಅವರಿಂದ. ಅದನ್ನು ಮನಸಾರೆ ನಂಬುವ ಭಕ್ತರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಅವರಲ್ಲಿ ಯಾರೂ ಜಮೀನು ಮಾರಿಲ್ಲ.

ಹತ್ತಿರವಾ? ಆ ದಿನವನ್ನೂ ಗಳಿಗೆಯನ್ನೂ ತಂದೆಯ ಹೊರತು ಯಾರೂ ಅರಿಯರು, ದೇವದೂತರೂ ಇಲ್ಲ, ಮಗನೂ ಇಲ್ಲ ಅಂತ ಯೇಸುವೇ ಹೇಳಿದ್ದಾನೆ (ಮತ್ತಾಯ 24:36). ಮಗನೇ ಹೀಗೆ ಹೇಳಿದ ಮೇಲೆ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸುವವರ ಮುಂದೆ ನಾವು ಯಾಕೆ ಕೂರಬೇಕು? ಯುದ್ಧ, ಬರ, ಭೂಕಂಪ ಎಲ್ಲವನ್ನೂ ಆತ ಮೊದಲೇ ಹೇಳಿದ್ದಾನೆ, ನಿಜ. ಆದರೆ ಅದೇ ಉಸಿರಿನಲ್ಲಿ ಕಳವಳಪಡಬೇಡಿ, ಇನ್ನೂ ಅಂತ್ಯವಲ್ಲ, ಇದು ಹೆರಿಗೆ ನೋವಿನ ಶುರು ಅಂತಲೂ ಹೇಳಿದ್ದಾನೆ. ಆ ಎರಡನೇ ಮಾತನ್ನು ಬೋಧಕರು ಬಿಟ್ಟುಬಿಡುತ್ತಾರೆ. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಡೆ ನೆಲ ಸಣ್ಣಗೆ ನಡುಗಿದಾಗ ಇಲ್ಲೂ ಎಷ್ಟೋ ಜನ ‘ಇದೇ ಕೊನೆ’ ಅಂದರು. ಹೆದರಿದ ಜನರಿಗೆ ಆಗ ಬೇಕಾಗಿದ್ದದ್ದು ಒಂದು ಧೈರ್ಯದ ಮಾತು, ಅಲ್ವಾ?

ತಾರೀಖು ಹೇಳಿದವರು ಹಿಂದೆಯೂ ಇದ್ದರು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ಬೈಬಲಿನ ದಾನಿಯೇಲನ ಪುಸ್ತಕದಿಂದ ಲೆಕ್ಕ ಹಾಕಿದರು. ಅವರ ಹಿಂದಿದ್ದ ಜನ ಕೊನೆಗೆ 1844ರ ಅಕ್ಟೋಬರ್ 22 ಅಂತ ನಿಂತರು. ಕೆಲವರು ಬೆಳೆದದ್ದನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟರು. ರಾತ್ರಿಯೆಲ್ಲ ಕಾದರು, ಬೆಳಗಾಯಿತು. ಅವರು ಕೆಟ್ಟವರಲ್ಲ, ಅತ್ತುಕೊಂಡು ಮನೆಗೆ ಹೋದ ಪ್ರಾಮಾಣಿಕ ಜನ. ನಮ್ಮ ಕಾಲದಲ್ಲೇ ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಬೋಧಕರು 2011ರ ಮೇ 21 ಅಂದರು, ಅದು ದಾಟಿದ ಮೇಲೆ ಅಕ್ಟೋಬರ್ 21 ಅಂದರು, ಅದೂ ದಾಟಿತು. ಮರುವರ್ಷ ತಾವು ದಿನ ಗೊತ್ತುಮಾಡಿದ್ದೇ ತಪ್ಪು ಅಂತ ಒಪ್ಪಿಕೊಂಡರು. ಅಷ್ಟರಲ್ಲಿ ಅವರ ಮಾತು ನಂಬಿ ಉಳಿತಾಯದ ಹಣವನ್ನೆಲ್ಲ ಜಾಹೀರಾತಿಗೆ ಸುರಿದವರಿದ್ದರು.

ದೂರದವರ ಮಾತು ಬಿಡಿ, ನನ್ನದೇ ಹೇಳುತ್ತೇನೆ. ಇದನ್ನು ಪತ್ರಿಕೆಯಲ್ಲಿ ಹಿಂದೆಂದೂ ಬರೆದಿಲ್ಲ.

1999ರಲ್ಲಿ ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಕೋಲಾರದ ಹತ್ತಿರದ ಹಳ್ಳಿ ನಮ್ಮದು. ಊರೂರು ಸುತ್ತುವ ಒಬ್ಬ ಬೋಧಕರು ಬಂದು ಮೂರು ದಿನ ಕೂಟ ನಡೆಸಿದರು. ಈ ಲೋಕ 2000ನೇ ಇಸವಿ ನೋಡುವುದಿಲ್ಲ ಅಂದರು. ಕಂಪ್ಯೂಟರುಗಳೆಲ್ಲ ಒಟ್ಟಿಗೆ ನಿಂತುಹೋಗುತ್ತವೆ ಅಂತ ಪೇಪರುಗಳಲ್ಲೂ ಬರುತ್ತಿದ್ದ ಕಾಲ ಅದು, ನಂಬಲು ಕಷ್ಟವಾಗಲಿಲ್ಲ. ಪರೀಕ್ಷೆ ಫೀಸಿಗೆ ಅಂತ ಅಪ್ಪ ಕೊಟ್ಟಿದ್ದ ಹಣವನ್ನು ಕಾಣಿಕೆ ಚೀಲಕ್ಕೆ ಹಾಕಿಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಫೀಸು ಕಟ್ಟುವ ಕೊನೆಯ ದಿನ ಕಳೆದುಹೋಯಿತು.

ಡಿಸೆಂಬರ್ 31ರ ರಾತ್ರಿ ಚರ್ಚಿನಲ್ಲಿ ಎಲ್ಲರ ಜೊತೆ ಮೊಣಕಾಲೂರಿದ್ದೆ. ಹನ್ನೆರಡು ಹೊಡೆಯಿತು. ಗಂಟೆ ಬಾರಿಸಿದರು, ಹಾಡಿದರು, ಕೈಕುಲುಕಿದರು. ನಾನು ಮಾತ್ರ ಮನೆಗೆ ಬಂದು ನಿದ್ದೆಯಿಲ್ಲದೆ ಬಿದ್ದುಕೊಂಡಿದ್ದೆ. ಐದು ಗಂಟೆಗೆ ಕೊಟ್ಟಿಗೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ನಮ್ಮಜ್ಜಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದರು. ಅವರೂ ರಾತ್ರಿಯೆಲ್ಲ ಪ್ರಾರ್ಥನೆಯಲ್ಲಿ ಇದ್ದವರೇ. ಹಾಲು ಕರೆದು, ಕ್ಯಾನು ಎತ್ತಿಕೊಂಡು, ತಲೆಗೆ ಸೆರಗು ಹೊದ್ದು ಎಂದಿನಂತೆ ಡೇರಿಗೆ ಹೊರಟರು. ನಾನು ತಡೆಯಲಾರದೆ ಕೇಳಿಬಿಟ್ಟೆ, ‘ಅಜ್ಜಿ, ಕರ್ತ ಬರ್ತಾನೆ ಅಂತ ನೀನು ನಂಬಲಿಲ್ವಾ?’ ಅವರು ನಿಂತು ನನ್ನ ಮುಖ ನೋಡಿದರು. ‘ದಿನಾ ನಂಬ್ತೀನಿ ಕಣಪ್ಪ. ಬಂದ್ರೆ ಡೇರಿ ದಾರೀಲಿ ಸಿಗ್ತೀನಿ’ ಅಂದರು.

ಆ ವರ್ಷ ನನ್ನ ಓದು ನಿಂತಿತು. ಅಮ್ಮ ಓಲೆ ಅಡವಿಟ್ಟು ಮುಂದಿನ ಸಲ ಫೀಸು ಕಟ್ಟಿದರು. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಕಾಯುವುದು ಅಂದರೆ ಕೈಕಟ್ಟಿ ಕೂರುವುದು ಅಂತ ನಾನು ತಿಳಿದಿದ್ದೆ. ಅಜ್ಜಿಗೆ ಕಾಯುವುದೂ ಹಾಲು ಕರೆಯುವುದೂ ಒಂದೇ ಆಗಿತ್ತು.

ಇದು ನಮ್ಮಜ್ಜಿ ಕಂಡುಹಿಡಿದದ್ದಲ್ಲ. ಯೇಸುವಿನ ಅಪೊಸ್ತಲ ಪೌಲನು ಥೆಸಲೋನಿಕ ಪಟ್ಟಣದ ಸಭೆಯವರಿಗೆ ಬರೆದ, ಬೈಬಲಿನಲ್ಲಿರುವ ಎರಡು ಪತ್ರಗಳನ್ನು ಒಂದೇ ಸಲ ಕೂತು ಓದಿ. ಅಲ್ಲೂ ಇದೇ ಗಲಾಟೆ. ಕರ್ತನ ದಿನ ಬಂದೇಬಿಟ್ಟಿದೆ ಅಂತ ಪೌಲನ ಹೆಸರಿನಲ್ಲೇ ಸುದ್ದಿಯೋ ಕಾಗದವೋ ಓಡಾಡಿತ್ತು. ಇವತ್ತು ವಾಟ್ಸಾಪಿನಲ್ಲಿ ಯಾರದೋ ಹೆಸರು ಹಾಕಿ ಕಳಿಸುತ್ತಾರಲ್ಲ, ಹಾಗೆ. ಕೆಲವರು ಕೆಲಸ ಬಿಟ್ಟು ಬೇರೆಯವರ ಮನೆ ಊಟಕ್ಕೆ ಕೂತರು. ಪೌಲನು ಏನು ಹೇಳಿದ? ಸುಮ್ಮನಿದ್ದು ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ, ಕೈಯಾರೆ ದುಡಿಯಿರಿ. ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು. ಇದನ್ನು ಬರೆದವನು ತಾನೇ ಗುಡಾರ ಹೊಲಿದು ಹೊಟ್ಟೆ ಹೊರೆದವನು. ನಾವು ಮೋಡಗಳಲ್ಲಿ ಎತ್ತಲ್ಪಡುವೆವು ಅಂತ ಬರೆದವನೂ ಅವನೇ, ಮೊದಲ ಪತ್ರದಲ್ಲಿ ಕೈಯಾರೆ ದುಡಿಯಿರಿ ಅಂದ ಅದೇ ಅಧ್ಯಾಯದಲ್ಲಿ, ಕೆಲವೇ ವಚನ ಕೆಳಗೆ.

ಇನ್ನು ಮಾವಿಗೆ ಬರೋಣ. ಯಾಕೋಬನ ಪತ್ರ 5ನೇ ಅಧ್ಯಾಯ, 7 ಮತ್ತು 8ನೇ ವಚನ ಓದಿದಾಗಲೆಲ್ಲ ಇದನ್ನು ನಮ್ಮ ಕಡೆಯ ರೈತನೇ ಬರೆದನಾ ಅನ್ನಿಸುತ್ತದೆ. ಕರ್ತನ ಬರೋಣದ ತನಕ ತಾಳ್ಮೆಯಿಂದಿರಿ ಅಂದು, ಅದಕ್ಕೆ ಹೋಲಿಕೆ ಕೊಡುವುದು ಯಾರನ್ನು? ಮುಂಗಾರು ಹಿಂಗಾರು ಎರಡೂ ಮಳೆಗೆ ಕಾದು ಫಲ ಪಡೆಯುವ ಬೇಸಾಯಗಾರನನ್ನು. ಬಿತ್ತದವನು ಮಳೆಗೆ ಕಾಯುವುದಿಲ್ಲ ತಂಗಿ. ನೆಲ ಹದಮಾಡಿ, ಬೀಜ ಹಾಕಿದವನಿಗೇ ಮೋಡ ನೋಡುವ ಆಸೆ. ಬೋರ್‌ವೆಲ್ ಸಾವಿರ ಅಡಿ ಇಳಿಸಿದರೂ ನೀರು ಸಿಗದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಮೀನು ಮಾರುವ ಮಾತಿಗೆ ಯೆರೆಮೀಯ 32 ಓದಿ, ಯಜಮಾನರ ಜೊತೆ ಕೂತು ಓದಿ. ಬಾಬೆಲಿನ ದಂಡು ಯೆರೂಸಲೇಮನ್ನು ಮುತ್ತಿದೆ. ಪಟ್ಟಣ ಬೀಳುತ್ತದೆ ಅಂತ ಸಾರಿದ್ದಕ್ಕೆ ಯೆರೆಮೀಯನು ಸೆರೆಯಲ್ಲಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ಶತ್ರು ಬೀಡುಬಿಟ್ಟ ನೆಲ! ಆದರೂ ಪ್ರವಾದಿ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಸಾಕ್ಷಿ ಹಾಕಿಸಿದ. ಮುದ್ರೆ ಹಾಕಿದ ಕ್ರಯಪತ್ರ ಒಂದು, ತೆರೆದ ಪ್ರತಿ ಒಂದು, ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಯಲ್ಲಿ ಮಣ್ಣಿನ ಗಡಿಗೆಗೆ ಹಾಕಿಸಿದ, ಬಹುಕಾಲ ಉಳಿಯಲಿ ಅಂತ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷೆತೋಟಗಳನ್ನು ಜನ ಮತ್ತೆ ಕೊಳ್ಳುತ್ತಾರೆ ಅಂತ ದೇವರು ಹೇಳಿದ್ದ, ಅದಕ್ಕೆ. ಅಂತ್ಯ ಬರುತ್ತದೆ ಅಂತ ಆ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಹೊಲ ಕೊಂಡ. ಇದನ್ನು ನಿಮ್ಮ ಯಜಮಾನರು ಒಂದು ಸಲ ಮನಸ್ಸಿಟ್ಟು ಓದಲಿ.

ನಮ್ಮ ಕೋಲಾರದಲ್ಲೇ ನೋಡಿ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಲೋಕದ ಕೊನೆ ಅಂದರೆ ಇದೇ ಅಂತ ಹೇಳಲು ಅದಕ್ಕಿಂತ ಜಾಸ್ತಿ ಏನು ಬೇಕಿತ್ತು? ಆಗ ಮಿಸ್ ಆನ್‌ಸ್ಟೆ ಎಂಬ ಮಿಷನರಿ ತಾಯಿ ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊಟ ಹಾಕಿ, ಓದು ಕಲಿಸಿದರು. ಆಮೇಲೆ ಬಂದ ಮೆಥಡಿಸ್ಟರು ಶಾಲೆ ನಡೆಸಿದರು, ಇ.ಟಿ.ಸಿ.ಎಂ. ಆಸ್ಪತ್ರೆ ಕಟ್ಟಿದರು. ಕರ್ತನು ಬರುತ್ತಾನೆ ಅಂತ ನಂಬಿದ ಜನವೇ ಇದನ್ನೆಲ್ಲ ಕಟ್ಟಿದ್ದು. ನರ್ಸಿಂಗ್ ಓದುವ ನಿಮ್ಮ ಮಗಳು ಅದೇ ಸಾಲಿನಲ್ಲಿ ನಿಂತಿದ್ದಾಳೆ. ಹಸಿದಿದ್ದೆನು, ರೋಗದಲ್ಲಿದ್ದೆನು, ನನ್ನನ್ನು ನೋಡಿಕೊಂಡಿರಿ ಅಂತ ಕರ್ತನು ಹೇಳುವುದು ಮತ್ತಾಯ 25ರಲ್ಲಿ, ಆತನ ಬರೋಣದ ಮಾತಿನ ನಡುವೆಯೇ. ಹಾಸಿಗೆಯಲ್ಲಿರುವ ನಿಮ್ಮ ಅತ್ತೆಯ ಮೈ ಒರೆಸುತ್ತೀರಲ್ಲ, ಅದೂ ಕಾಯುವುದೇ.

ಪ್ರಕಟನೆಯಲ್ಲಿ ಹೇಳಿರುವ ಮೃಗದ ಗುರುತು ಆಧಾರ್ ಕಾರ್ಡಾ, ಕ್ಯೂಆರ್ ಕೋಡಾ ಅಂತಲೂ ಕೇಳಿದ್ದೀರಿ. ಅಲ್ಲ. ಪ್ರಕಟನೆ ಬರೆದದ್ದು ರೋಮಿನ ಆಳ್ವಿಕೆಯಲ್ಲಿ ನಲುಗುತ್ತಿದ್ದ ಏಳು ಸಭೆಗಳಿಗೆ. ಆ ಮೃಗದ ಸಂಖ್ಯೆ 666 ಅನ್ನುವುದು ರೋಮಿನ ನೀರೋ ಚಕ್ರವರ್ತಿಯ ಹೆಸರಿನ ಅಕ್ಷರಗಳ ಲೆಕ್ಕ ಅಂತ ಬಹಳ ಪಂಡಿತರು ಓದುತ್ತಾರೆ. ಕೆಲವು ಹಳೆಯ ಪ್ರತಿಗಳಲ್ಲಿ ಅದು 616 ಅಂತಲೂ ಇದೆ. ಅಲ್ಲಿ ಪ್ರಶ್ನೆ ಯಾರನ್ನು ಆರಾಧಿಸುತ್ತೀರಿ ಅನ್ನುವುದು. ರೇಷನ್ನಿಗೆ ಆಧಾರ್ ತೋರಿಸಿ, ಹೆದರಬೇಡಿ.

ಯಜಮಾನರ ಬಗ್ಗೆ ಒಂದು ಮಾತು. ಅವರನ್ನು ಮನೆಯಲ್ಲಿ ಯಾರೂ ಹಂಗಿಸಬೇಡಿ. 2021ರಲ್ಲಿ ಅವರ ತಮ್ಮ ಕೊರೊನಾದಲ್ಲಿ ಹೋದರು, ಮುಖ ನೋಡಲೂ ಬಿಡಲಿಲ್ಲ ಅಂತ ಬರೆದಿದ್ದೀರಿ. ಕಾಗದದಲ್ಲಿ ಅದು ಒಂದೇ ಸಾಲು, ಆದರೆ ನನಗೆ ಅಲ್ಲೇ ಎಲ್ಲವೂ ಇದೆ ಅನ್ನಿಸಿತು. ಕರ್ತನು ಬೇಗ ಬರಲಿ ಅಂತ ಅವರು ಅಳುವುದು ತಮ್ಮನನ್ನು ನೋಡುವ ಆಸೆಗೆ ಇರಬಹುದು. ಆ ಆಸೆ ತಪ್ಪಲ್ಲ. ಪೌಲನು ಥೆಸಲೋನಿಕದವರಿಗೆ ಬರೋಣದ ಮಾತು ಬರೆದದ್ದೇ ಸತ್ತವರಿಗಾಗಿ ದುಃಖಿಸುತ್ತಿದ್ದವರನ್ನು ಸಂತೈಸಲಿಕ್ಕೆ. ಅವರ ಜೊತೆ ತಮ್ಮನ ಮಾತಾಡಿ. ಆದರೆ ಜಮೀನಿನ ಕಾಗದಕ್ಕೆ ಮಾತ್ರ ನೀವು ಸಹಿ ಹಾಕಬೇಡಿ. ಅದರಲ್ಲಿ ಮಕ್ಕಳ ಬದುಕಿದೆ, ಅತ್ತೆಯ ಔಷಧಿಯಿದೆ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೇ ಇದೆ (5:8). ನಿಮ್ಮ ಸಭಾಪಾಲಕರನ್ನು ಮನೆಗೆ ಕರೆಯಿರಿ, ಮೂವರೂ ಕೂತು ಮಾತಾಡಿ. ಎರಡೂವರೆ ಎಕರೆ ಮಾರಿ ಕೊಡಿ ಅನ್ನುವ ಬೋಧಕರಿಗೂ ನಾನು ನೇರವಾಗಿ ಹೇಳುತ್ತೇನೆ: ನಾಳೆಯೇ ಲೋಕ ಮುಗಿಯುವುದಾದರೆ ನಿಮಗೆ ಆ ಹಣ ಯಾಕೆ?

ಕೊನೆಗೆ ಮಗ. ನನಗೆ ಎಲ್ಲಕ್ಕಿಂತ ನೋವಾದದ್ದು ಅವನ ಬಗ್ಗೆ ಓದಿದಾಗ. ರಾತ್ರಿ ಆ ವಿಡಿಯೋಗಳು ಅವನ ಕಿವಿಗೆ ಬೀಳಬಾರದು, ಇಷ್ಟನ್ನು ಯಜಮಾನರ ಹತ್ತಿರ ಗಟ್ಟಿಯಾಗಿ ಕೇಳಿ. ಮಲಗುವಾಗ ಯೋಹಾನ 14ರ ಮೊದಲ ಮೂರು ವಚನ ಓದಿ. ನಿಮ್ಮ ಹೃದಯ ಕಳವಳಪಡದೆ ಇರಲಿ, ನನ್ನ ತಂದೆಯ ಮನೆಯಲ್ಲಿ ಬೇಕಾದಷ್ಟು ಜಾಗವಿದೆ, ನಾನು ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಅಂತ ಯೇಸು ಹೇಳುವುದು ಅಲ್ಲಿ. ಬರುವವನು ಮಕ್ಕಳನ್ನು ತೊಡೆಯ ಹತ್ತಿರಕ್ಕೆ ಕರೆದು ಅಪ್ಪಿಕೊಂಡವನೇ, ಬೇರೆ ಯಾರೂ ಅಲ್ಲ ಅಂತ ಹೇಳಿ. ಅವನು ಎದ್ದು ಕೈಯಾಡಿಸಿದಾಗ ಬೈಯಬೇಡಿ, ಕೈ ಹಿಡಿದುಕೊಳ್ಳಿ. ಇನ್ನೂ ಕೆಲವು ತಿಂಗಳು ಬೇಕಾದೀತು.

ಗುಂಡಿಗೆ ಗೊಬ್ಬರ ಹಾಕಿಸಿಡಿ. ಮಳೆ ಹಿಡಿದ ಮೇಲೆ ಸಸಿ ತನ್ನಿ. ಬಾದಾಮಿಯೋ ತೋತಾಪುರಿಯೋ ಅನ್ನುವುದನ್ನು ನಿಮ್ಮ ಊರಿನ ಹಿರಿಯರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಮಗಳ ಫೀಸು ಕಟ್ಟಲು ಕೊನೆಯ ದಿನ ಯಾವಾಗ ಅಂತ ನೀವು ಬರೆದಿಲ್ಲ. ದಯವಿಟ್ಟು ಇವತ್ತೇ ಪತ್ರಿಕೆಯ ಕಚೇರಿಗೆ ಒಂದು ಕಾರ್ಡು ಹಾಕಿ. ಹಣ ಕಡಿಮೆ ಬಿದ್ದರೆ ಅದನ್ನೂ ಸಂಕೋಚಪಡದೆ ಬರೆಯಿರಿ.

ಸಂ.