ನೀಟ್‌ಗೆ ಎಲೆಕ್ಟ್ರಿಸಿಟಿ, ಮ್ಯಾಗ್ನೆಟಿಸಂ: ಫಾರ್ಮುಲಾ ಬಾಯಿಪಾಠ ಇದ್ರೂ ಲೆಕ್ಕ ಯಾಕೆ ತಪ್ತದೆ?

ನೀವು ಕೇಳಿದ್ದು, ಕುಮಟಾದಲ್ಲಿ ಸೆಕೆಂಡ್ ಪಿಯು ಓದ್ತಾ ಇದ್ದೇನೆ, ಡಾಕ್ಟರ್ ಆಗ್ಬೇಕು, ಎಲೆಕ್ಟ್ರಿಸಿಟಿ ಮ್ಯಾಗ್ನೆಟಿಸಂ ಫಾರ್ಮುಲಾ ಎಲ್ಲಾ ಬಾಯಿಗೆ ಬರ್ತದೆ, ಆದ್ರೂ ಲೆಕ್ಕ ತಪ್ತದೆ ಏನು ಮಾಡ್ಲಿ ಅಂತ. ನಾನು ಶಿರಸಿಯಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳ್ತೇನೆ, ಇದು ತುಂಬಾ ಮಕ್ಕಳ ಸಮಸ್ಯೆ. ಫಾರ್ಮುಲಾ ಹುಡುಕೋ ಮೊದಲು ಈ ಲೆಕ್ಕದಲ್ಲಿ ಯಾವುದು ಬದಲಾಗದೇ ಉಳೀತದೆ ಅಂತ ನೋಡಿ, ನಾನು ಹೇಳೋದು ಅಷ್ಟೇ.

ಪವರ್‌ಗೆ ವಿ ಸ್ಕ್ವೇರ್ ಬೈ ಆರ್ ಅಂತಲೂ ಇದೆ, ಐ ಸ್ಕ್ವೇರ್ ಆರ್ ಅಂತಲೂ ಇದೆ (ವಿ ಅಂದ್ರೆ ವೋಲ್ಟೇಜ್, ಐ ಕರೆಂಟ್, ಆರ್ ರೆಸಿಸ್ಟೆನ್ಸ್). ಒಂದರಲ್ಲಿ ಆರ್ ಜಾಸ್ತಿ ಆದ್ರೆ ಪವರ್ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ, ಗಲಿಬಿಲಿ ಶುರುವಾಗೋದೇ ಇಲ್ಲಿ. 220 ವೋಲ್ಟಿನ ಹಳೇ ಫಿಲಮೆಂಟ್ ಬಲ್ಬು ತಗೊಳ್ಳಿ, 100 ವ್ಯಾಟಿಂದು 484 ಓಮ್, 60 ವ್ಯಾಟಿಂದು ಹತ್ರಹತ್ರ 807. ಮನೇಲಿ ಇದ್ದಂಗೆ ಪ್ಯಾರಲಲ್ ಹಾಕಿದ್ರೆ ಎರಡಕ್ಕೂ ವೋಲ್ಟೇಜ್ ಒಂದೇ, ಹಾಗಾಗಿ 100ರದ್ದೇ ಜೋರು. ಸೀರೀಸ್ ಹಾಕಿದ್ರೆ ಕರೆಂಟ್ ಒಂದೇ, ಆಗ ಐ ಸ್ಕ್ವೇರ್ ಆರ್ ನೋಡ್ಬೇಕು, 60ರದ್ದು ಜೋರಾಗಿ ಉರೀತದೆ. ಮಳೆಗಾಲದಲ್ಲಿ ನಮ್ಮ ಕಡೆ ಲೋ ವೋಲ್ಟೇಜ್ ಬರ್ತದಲ್ಲ, 220ರ ಜಾಗದಲ್ಲಿ 110 ಬಂತು ಅಂದ್ಕೊಳ್ಳಿ, ರೆಸಿಸ್ಟೆನ್ಸ್ ಅಷ್ಟೇ ಇದೆ ಅಂತ ಲೆಕ್ಕ ಹಾಕಿದ್ರೆ ಪವರ್ ಅರ್ಧ ಆಗೋದಲ್ಲ, ಕಾಲು ಭಾಗಕ್ಕೆ ಇಳೀತದೆ.

ಇನ್ನು ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರ. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಯೂನಿಟ್ ಇದೆ, ಕರೆಂಟ್ ಹೊರಗೆ ಹೋಗೋದು 400 ಕೆವಿ (ಕಿಲೋವೋಲ್ಟ್) ಲೈನಲ್ಲಿ. ವೋಲ್ಟೇಜ್ ಜಾಸ್ತಿ ಆದ್ರೆ ವಿ ಸ್ಕ್ವೇರ್ ಬೈ ಆರ್ ಪ್ರಕಾರ ತಂತಿಯಲ್ಲಿ ಲಾಸ್ ಜಾಸ್ತಿ ಆಗ್ಬೇಕಲ್ವಾ ಸರ್ ಅಂತ ಮಕ್ಕಳು ಕೇಳ್ತಾರೆ, ಒಳ್ಳೇ ಪ್ರಶ್ನೆ ಅದು. ಇಲ್ಲಿ ಬದಲಾಗದೇ ಇರೋದು ಕಳಿಸ್ಬೇಕಾದ ಪವರ್. ವೋಲ್ಟೇಜ್ ಹತ್ತು ಪಟ್ಟು ಏರಿಸಿದ್ರೆ ಕರೆಂಟ್ ಹತ್ತನೇ ಒಂದು, ಲಾಸ್ ನೂರನೇ ಒಂದು. ಆ ಫಾರ್ಮುಲಾದ ವಿ ಅಂದ್ರೆ ತಂತಿಯ ಈ ತುದಿಗೂ ಆ ತುದಿಗೂ ಬೀಳೋ ವೋಲ್ಟೇಜ್ ಮಾತ್ರ, 400 ಕೆವಿ ಅಲ್ಲ.

ಚಾರ್ಜ್ ಹಿಡಿದಿಡೋ ಕೆಪಾಸಿಟರ್ ಒಳಗೆ ಡೈಎಲೆಕ್ಟ್ರಿಕ್, ಅಂದ್ರೆ ಕರೆಂಟ್ ಹರಿಯದ ವಸ್ತು, ಹಾಕೋ ಪ್ರಶ್ನೆನೂ ಹೀಗೇ; ಆ ವಸ್ತುವಿನ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ ಕೆ ಅಂದ್ಕೊಳ್ಳಿ. ಬ್ಯಾಟರಿ ಕನೆಕ್ಟ್ ಆಗೇ ಇದ್ರೆ ವೋಲ್ಟೇಜ್ ಅಷ್ಟೇ ಇರ್ತದೆ, ಎನರ್ಜಿ ಕೆ ಪಟ್ಟು ಏರ್ತದೆ. ಬ್ಯಾಟರಿ ತೆಗೆದು ಹಾಕಿದ್ರೆ ಚಾರ್ಜ್ ಅಷ್ಟೇ ಇರ್ತದೆ, ಎನರ್ಜಿ ಕೆ ಪಟ್ಟು ಇಳೀತದೆ. ಈ ಚಾಪ್ಟರ್ ಬೇಜಾರು ಅನ್ಬೇಡಿ, ಹೃದಯಕ್ಕೆ ಶಾಕ್ ಕೊಡೋ ಡಿಫಿಬ್ರಿಲೇಟರ್ ಕೆಲಸ ಮಾಡೋದೇ ಇದರ ಮೇಲೆ. 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನ 2000 ವೋಲ್ಟಿಗೆ ಚಾರ್ಜ್ ಮಾಡಿದ್ರೆ 200 ಜೂಲ್.

ಮ್ಯಾಗ್ನೆಟಿಸಂನಲ್ಲಿ ಹೆಚ್ಚು ಹೇಳೋದಿಲ್ಲ. ಓಡೋ ಚಾರ್ಜ್ ಮೇಲಿನ ಮ್ಯಾಗ್ನೆಟಿಕ್ ಫೋರ್ಸ್ ಯಾವಾಗ್ಲೂ ವೇಗದ ದಿಕ್ಕಿಗೆ 90 ಡಿಗ್ರಿಯಲ್ಲಿ ಇರ್ತದೆ, ಅದಕ್ಕೇ ವರ್ಕ್ ಸೊನ್ನೆ, ದಿಕ್ಕು ಬದಲಾಗ್ತದೆ, ಕೈನೆಟಿಕ್ ಎನರ್ಜಿ ಅಷ್ಟೇ ಉಳೀತದೆ. ಎಲೆಕ್ಟ್ರಾನ್ ಬಂದ್ರೆ ಬಲಗೈ ರೂಲಲ್ಲಿ ಬಂದ ದಿಕ್ಕನ್ನ ಉಲ್ಟಾ ಮಾಡಿ, ಇದನ್ನ ಮರ್ತೇ ಮಾರ್ಕ್ ಹೋಗೋದು. ಲೆನ್ಸ್ (Lenz) ನಿಯಮದಲ್ಲಿ, ಕಾಯಿಲಲ್ಲಿ ಹುಟ್ಟೋ ಕರೆಂಟಿನ ವಿರೋಧ ಇರೋದು ಅದರ ಮೂಲಕ ಹೋಗೋ ಮ್ಯಾಗ್ನೆಟಿಕ್ ಫ್ಲಕ್ಸಿಗಲ್ಲ, ಫ್ಲಕ್ಸ್ ಬದಲಾಗೋದಕ್ಕೆ.

ನೀಟ್‌ನಲ್ಲಿ ಫಿಸಿಕ್ಸಿನ 45 ಪ್ರಶ್ನೆಯಲ್ಲಿ ಒಂದೊಂದು ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು, ಹಾಗಾಗಿ ಗೊತ್ತಿಲ್ದೇ ಫಾರ್ಮುಲಾಕ್ಕೆ ನಂಬರ್ ತುಂಬೋಕೆ ಹೋಗ್ಬೇಡಿ. ಇವತ್ತೇ ಒಂದು ಮಾಡಿ ನೋಡಿ: ಮೇಲಿನ ಎರಡು ಬಲ್ಬು ಸೀರೀಸಲ್ಲಿ 220ಕ್ಕೆ ಹಾಕಿದ್ರೆ ಒಟ್ಟು ಎಷ್ಟು ವ್ಯಾಟ್? 37.5 ಬರ್ಬೇಕು. ಬರ್ಲಿಲ್ಲ ಅಂದ್ರೆ ನೀವು ಮಾಡಿದ ಸ್ಟೆಪ್ ಬರೆದು ಹಾಕಿ, ಎಲ್ಲಿ ತಪ್ತು ಅಂತ ನೋಡಿ ಹೇಳ್ತೇನೆ.