ಯುದ್ಧ ಮುಗಿದ ಮೇಲೆ ವಿಶ್ವಾಸಿಗೆ ಏನು ಕೆಲಸ?

"ಯುದ್ಧ ಮುಗಿದ ಮೇಲೆ ಕ್ರೈಸ್ತರು ಎಲ್ಲರಿಗೂ ಕ್ಷಮಿಸಿ, ಮರೆತುಬಿಡಿ ಅಂತ ಹೇಳಬೇಕಲ್ವಾ?" ಎಂದು ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಕ್ಷಮಿಸುವುದು ಬಿಡುವುದು ನೋವುಂಡವರಿಗೆ ಸೇರಿದ್ದು. ನಮ್ಮ ಪಾಲಿನ ತಪ್ಪನ್ನು ನಾವು ಮೊದಲು ಬಾಯಿಬಿಟ್ಟು ಹೇಳಬೇಕು.

ಜರ್ಮನಿಯನ್ನೇ ನೋಡಿ. 1945ರ ಅಕ್ಟೋಬರ್. ಊರುಗಳೆಲ್ಲ ಇನ್ನೂ ಕಲ್ಲುಮಣ್ಣಿನ ರಾಶಿ. ಆಗ ಅಲ್ಲಿನ ಪ್ರಾಟೆಸ್ಟೆಂಟ್ ಸಭೆಯ, ಅಂದರೆ ಚರ್ಚಿನ, ಮುಖಂಡರು ಸ್ಟುಟ್‌ಗಾರ್ಟ್‌ನಲ್ಲಿ ಸೇರಿ, ನಮ್ಮಿಂದ ಎಷ್ಟೋ ದೇಶಗಳು ಹೇಳತೀರದ ಕಷ್ಟ ಪಟ್ಟವು, ನಾವು ಇನ್ನೂ ಧೈರ್ಯವಾಗಿ ಸಾಕ್ಷಿ ಹೇಳಬೇಕಿತ್ತು ಎಂದು ಬರೆದು ಸಹಿ ಹಾಕಿದರು. ಅವರಲ್ಲಿ ಮಾರ್ಟಿನ್ ನೀಮೊಲ್ಲರ್ ಒಬ್ಬರು. ಹಿಟ್ಲರ್‌ನ ಸರ್ಕಾರ ಅವರನ್ನು ಏಳು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿಟ್ಟಿತ್ತು. ಅಂಥವರೇ "ನಾವು" ಅಂದರು! ನಮ್ಮ ಸಭೆಯಲ್ಲಿ ಭಾನುವಾರ ಪಾಪದ ಅರಿಕೆ ಓದುವಾಗ ನನಗೆ ಇದು ನೆನಪಾಗುತ್ತದೆ. ಆಗ ಜರ್ಮನಿಯ ವಿಶ್ವಾಸಿಗಳಲ್ಲೇ ಬಹಳ ಮಂದಿ ಸಿಟ್ಟಾದರು, ಬಾಂಬಿಗೆ ಮನೆ ಕಳೆದುಕೊಂಡವರು ನಾವು, ನಾವ್ಯಾಕೆ ತಪ್ಪೊಪ್ಪಿಕೊಳ್ಳಬೇಕು ಅಂತ. ಆ ಬರಹದಲ್ಲಿ ದೊಡ್ಡ ಕೊರತೆಯೂ ಇದೆ. ಯೆಹೂದ್ಯರ ಹೆಸರೇ ಇಲ್ಲ. ಅವರ ವಿಷಯದಲ್ಲಿ ಸುಮ್ಮನಿದ್ದು ತಪ್ಪು ಮಾಡಿದೆವು ಎಂದು ಸಭೆ ಹೇಳಿದ್ದು 1950ರಲ್ಲಿ. ಇಷ್ಟು ತಡವಾದದ್ದು ನನಗೆ ಈಗಲೂ ನೋವು.

ಬರೀ ಮಾತು ಸಾಲದು. ಯಜ್ಞವೇದಿಯ ಮುಂದೆ ಕಾಣಿಕೆ ಬಿಟ್ಟು ಹೋಗಿ ಮೊದಲು ಸಹೋದರನ ಸಂಗಡ ಒಂದಾಗು ಎಂದು ಬೈಬಲಿನ ಮತ್ತಾಯ 5ರಲ್ಲಿ ಇದೆಯಲ್ಲ, ಅದನ್ನು ಹಾಗೇ ಮಾಡಿ ತೋರಿಸಲು ಹೊರಟವರು ಲೋಥಾರ್ ಕ್ರೈಸಿಗ್. ನಾಜಿಗಳು ಮಾನಸಿಕ ರೋಗಿಗಳನ್ನು ಕೊಲ್ಲುತ್ತಿದ್ದಾಗ ವಿರೋಧಿಸಿ ಕೆಲಸ ಕಳೆದುಕೊಂಡ ನ್ಯಾಯಾಧೀಶ ಅವರು. 1958ರಲ್ಲಿ, ನಮ್ಮಿಂದ ಹಿಂಸೆ ಉಂಡ ಜನರೇ, ನಿಮ್ಮ ನಾಡಿನಲ್ಲಿ ನಮ್ಮ ಕೈಯಿಂದ ಏನಾದರೂ ಒಳ್ಳೆಯದು ಮಾಡಲು ಅಪ್ಪಣೆ ಕೊಡಿ ಎಂದು ಬೇಡಿಕೊಂಡರು. ಅಪ್ಪಣೆ ಕೊಡಿ, ಅಷ್ಟೇ. ಕ್ಷಮಿಸಲೇಬೇಕು ಎಂದು ಯಾರ ಮೇಲೂ ಒತ್ತಡ ಹಾಕಲಿಲ್ಲ. ಜರ್ಮನ್ ಯುವಕರು ನಾರ್ವೆಗೆ, ನೆದರ್‌ಲ್ಯಾಂಡ್ಸ್‌ಗೆ, ಆಮೇಲೆ ಇಸ್ರೇಲಿಗೆ ಹೋಗಿ ದುಡಿದರು.

ಇಂಗ್ಲೆಂಡಿನ ಕಾವೆಂಟ್ರಿಗೂ ಹೋದರು. ಅಲ್ಲಿನ ದೊಡ್ಡ ಚರ್ಚು 1940ರ ನವೆಂಬರ್‌ನಲ್ಲಿ ಜರ್ಮನ್ ಬಾಂಬಿಗೆ ಸುಟ್ಟುಹೋಗಿತ್ತು. ಹಾಳುಬಿದ್ದ ಗೋಡೆಯ ಮೇಲೆ "ತಂದೆಯೇ, ಕ್ಷಮಿಸು" ಎಂದಷ್ಟೇ ಕೆತ್ತಿದ್ದಾರೆ. ಶಿಲುಬೆಯ ಮೇಲೆ ಯೇಸು ಹೇಳಿದ ಮಾತಿನಲ್ಲಿರುವ "ಅವರಿಗೆ" ಎಂಬುದನ್ನು ಬೇಕೆಂದೇ ಬಿಟ್ಟಿದ್ದಾರೆ. 1965ರಲ್ಲಿ ಆ ಕಾವೆಂಟ್ರಿಯಿಂದ ಯುವಕ ಯುವತಿಯರು ಜರ್ಮನಿಯ ಡ್ರೆಸ್ಡನ್‌ಗೆ ಹೋದರು. ತಮ್ಮ ದೇಶದ ವಿಮಾನಗಳು ಕೆಡವಿದ್ದ ಆಸ್ಪತ್ರೆಯೊಂದನ್ನು ಮತ್ತೆ ಕಟ್ಟಲು ಕಲ್ಲು ಹೊತ್ತರು.