ಮೊದಲು ಚಟ ಬಿಡಲಿ ಎನ್ನುವ ಮುನ್ನ

ಮಾನ್ಯರೇ,

ಮಾನವ ಕಳ್ಳಸಾಗಣೆಯಿಂದ ಪಾರಾಗಿ ಬಂದ ಹದಿಹರೆಯದವರ ಆರೋಗ್ಯ ಕುರಿತ ನಮ್ಮ ಲೇಖನವನ್ನು ಓದಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ತಾವು ಎರಡು ಪ್ರಶ್ನೆ ಕೇಳಿದ್ದೀರಿ. ತಾವಾಗಿಯೇ ಮಾದಕ ವಸ್ತು ಸೇವಿಸುವವರನ್ನು ಸಂತ್ರಸ್ತರೆನ್ನುವುದು ಹೇಗೆ? ಮೊದಲು ಚಟ ಬಿಡಿಸಿ, ಆಮೇಲೆ ಉಳಿದ ನೆರವು ನೀಡುವುದು ಸರಿಯಲ್ಲವೇ?

ಮೊದಲನೆಯದಕ್ಕೆ ಉತ್ತರ ಸ್ಪಷ್ಟವಾಗಿದೆ. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ ಪಾಲೆರ್ಮೊ ಪ್ರೋಟೋಕಾಲ್ ಎಂಬ ಮಾನವ ಕಳ್ಳಸಾಗಣೆ ತಡೆ ಒಪ್ಪಂದದ ಪ್ರಕಾರ, 18 ವರ್ಷದೊಳಗಿನವರನ್ನು ಶೋಷಣೆಗಾಗಿ ಸಾಗಿಸಿದರೆ ಅಥವಾ ಇರಿಸಿಕೊಂಡರೆ, ಬಲವಂತವೋ ವಂಚನೆಯೋ ನಡೆದಿರದಿದ್ದರೂ ಅದು ಕಳ್ಳಸಾಗಣೆಯೇ. ಕೆಲವರಿಗೆ ಅಮಲು ಪದಾರ್ಥವನ್ನೇ ಆಸೆ ತೋರಿಸಿ ಬಲೆಗೆ ಬೀಳಿಸಿರುತ್ತಾರೆ. ಕೆಲವರಿಗೆ ರಾತ್ರಿಯೆಲ್ಲ ಎಚ್ಚರವಿರಲೆಂದೋ ಎದುರಾಡದಿರಲೆಂದೋ ಕೊಟ್ಟಿರುತ್ತಾರೆ. ಇನ್ನು ಕೆಲವರು ಅನುಭವಿಸಿದ್ದನ್ನು ಮರೆಯಲು ತಾವೇ ಅದರ ಮೊರೆ ಹೋಗಿರುತ್ತಾರೆ. ಇವರಲ್ಲಿ ಯಾರೂ ಶೋಷಣೆಯನ್ನು ಆರಿಸಿಕೊಂಡವರಲ್ಲ.

ಎರಡನೆಯ ಪ್ರಶ್ನೆ ನಮ್ಮನ್ನು ಹೆಚ್ಚು ಕಳವಳಕ್ಕೀಡುಮಾಡಿತು. ತುರ್ತು ಚಿಕಿತ್ಸಾ ಘಟಕಕ್ಕೆ ಹೊಟ್ಟೆ ನುಲಿತವೆಂದು ಬಂದ ಹುಡುಗಿ ಮೇಲಿಂದ ಮೇಲೆ ಆಕಳಿಸುತ್ತಾಳೆ, ಕಣ್ಣು ಮೂಗು ಸೋರುತ್ತಿರುತ್ತವೆ, ತೋಳಿನ ರೋಮ ನಿಮಿರಿರುತ್ತದೆ, ಕೇಳಿದ್ದಕ್ಕೆಲ್ಲ ಜೊತೆಗೆ ಬಂದ ವ್ಯಕ್ತಿಯೇ ಉತ್ತರಿಸುತ್ತಾನೆ. ಇದನ್ನು ನೆಗಡಿ ಜ್ವರವೆಂದು ಬರೆದು ಕಳುಹಿಸಿದರೆ, ಹೆರಾಯಿನ್‌ನಂಥ ವಸ್ತು ಸಿಗದೆ ದೇಹ ಒದ್ದಾಡುತ್ತಿರುವುದೂ ಆಕೆ ಯಾರದೋ ಹಿಡಿತದಲ್ಲಿರುವುದೂ ಒಟ್ಟಿಗೇ ಕಣ್ತಪ್ಪುತ್ತವೆ. ಆ ವ್ಯಕ್ತಿಯನ್ನು ಹೊರಗೆ ಕೂರಿಸಿ, ಯಾವ ಮಾತು ಗುಟ್ಟಾಗಿ ಉಳಿಯುತ್ತದೆ, ಯಾವುದನ್ನು ಕಾನೂನಿನಂತೆ ತಿಳಿಸಲೇಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳಿ, ಆನಂತರವೇ ಪ್ರಶ್ನೆ ಕೇಳಬೇಕು. ಆಕೆಗೆ ತಿಳಿಸದೆ ಮೂತ್ರ ಪರೀಕ್ಷೆಗೆ ಕಳುಹಿಸಿದರೆ, ಅಷ್ಟಿಷ್ಟು ಮೂಡಿದ್ದ ನಂಬಿಕೆಯೂ ಹೋಗುತ್ತದೆ.

"ಮೊದಲು ಬಿಡು" ಎನ್ನುವುದು ಅಪಾಯಕಾರಿಯೂ ಹೌದು. ಬಹುಕಾಲ ಕುಡಿದವರು ಮದ್ಯವನ್ನು ಹಠಾತ್ತನೆ ನಿಲ್ಲಿಸಿದರೆ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ವೈದ್ಯರ ನಿಗಾ ಇಲ್ಲದಿದ್ದರೆ ಪ್ರಾಣಕ್ಕೇ ಕುತ್ತು. ಹೆರಾಯಿನ್ ಚಟಕ್ಕೆ ಬ್ಯುಪ್ರೆನಾರ್ಫಿನ್‌ನಂಥ ಔಷಧವಿದೆ. ಅದರೊಡನೆ ದುಃಸ್ವಪ್ನಕ್ಕೂ ನಿದ್ರಾಹೀನತೆಗೂ ಭಯಕ್ಕೂ ಚಿಕಿತ್ಸೆ ಸಾಗಬೇಕು, ಏಕೆಂದರೆ ಆ ನೋವನ್ನು ಹಾಗೆಯೇ ಬಿಟ್ಟು ಅದನ್ನು ಮರೆಸುತ್ತಿದ್ದ ವಸ್ತುವನ್ನಷ್ಟೇ ಕಿತ್ತುಕೊಂಡರೆ ಆಕೆ ಮತ್ತೆ ಅದರತ್ತಲೇ ಹೋಗುವ ಸಂಭವ ಹೆಚ್ಚು.

ಮತ್ತೆ ಸೇವಿಸಿದವರನ್ನು ಆಶ್ರಯಧಾಮದಿಂದ ಹೊರಹಾಕಬೇಕೆಂಬ ತಮ್ಮ ಸಲಹೆಯನ್ನು ನಾವು ಖಂಡಿತ ಒಪ್ಪಲಾರೆವು. ಕೆಲವು ವಾರ ಬಿಟ್ಟಿದ್ದವರ ದೇಹ ತಾಳಿಕೊಳ್ಳುವ ಶಕ್ತಿ ಕುಗ್ಗಿರುವುದರಿಂದ, ಹಿಂದಿನ ಪ್ರಮಾಣವೇ ಈಗ ಕೊಲ್ಲಬಲ್ಲದು. ಹೆರಾಯಿನ್‌ನಂಥ ವಸ್ತು ಅತಿಯಾಗಿ ಉಸಿರು ಕುಗ್ಗಿದಾಗ ಅದನ್ನು ಮರಳಿಸುವ ನಲೋಕ್ಸೋನ್ ಔಷಧದ ಪ್ರಭಾವ ಸಾಮಾನ್ಯವಾಗಿ 30ರಿಂದ 90 ನಿಮಿಷವಷ್ಟೇ ಇರುತ್ತದೆ, ಆಮೇಲೂ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಹೊರಹಾಕಿದ ಹುಡುಗಿಯ ಪಕ್ಕದಲ್ಲಿ ಯಾರಿರುತ್ತಾರೆ? ಬಹಳ ಸಲ, ಆಕೆಗೆ ಆ ವಸ್ತುವನ್ನು ಮೊದಲು ಕೊಟ್ಟವನೇ.

— ಸಂಪಾದಕ